ನೀರು ನೋಡಿದಿರಾ?

ಸ್ಟೇಷನ್ ಎಂದರೆ ನಮಗೆ ರೈಲು, ಇಲ್ಲವೇ ಪೊಲೀಸು. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಸ್ಟೇಷನ್ ಎಂದರೆ ದನ ಮೇಯುವ ಭಾರೀ ಬಯಲು. ನಮ್ಮ ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲನ್ನು ಎಷ್ಟೋ ಪಟ್ಟು ಹಿಗ್ಗಿಸಿದಂತೆ! ದಕ್ಷಿಣ ಆಸ್ಟ್ರೇಲಿಯಾದ ಅನ್ನಾ ಕ್ರೀಕ್ ಸ್ಟೇಷನ್ 15,000 ಚದರ ಕಿ.ಮೀ.ಗೂ ದೊಡ್ಡದು. ಅದರಲ್ಲಿ ನಾಲ್ಕು ಗೋವಾ ಹಿಡಿಸುತ್ತವೆ.

ನಾನಿದ್ದದ್ದು ಅದಕ್ಕಿಂತ ಚಿಕ್ಕ ಸ್ಟೇಷನ್ನಿನಲ್ಲಿ. ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ಕಾರಿನಲ್ಲಿ ಐದು ಗಂಟೆಯ ದಾರಿ. ಭಾರತದ 18ರಿಂದ 30 ವಯಸ್ಸಿನವರು ಅಲ್ಲಿ ಸುತ್ತಾಡುತ್ತಾ ದುಡಿಯಲು 2024ರಿಂದ ವೀಸಾ ಸಿಗುತ್ತಿದೆ, ವರ್ಷಕ್ಕೆ 1,000 ಮಂದಿಗೆ. ಹಾಗೆ ಹೋದವಳು ನಾನು.

ಬೆಳಿಗ್ಗೆ ಆ ಮನೆಯ ಹತ್ತು ವರ್ಷದ ಹುಡುಗನನ್ನು ಪಾಠಕ್ಕೆ ಕೂರಿಸುವುದು ನನ್ನ ಕೆಲಸ. ಹತ್ತಿರದಲ್ಲಿ ಶಾಲೆಯೇ ಇಲ್ಲವಲ್ಲ! ಇಂಥ ಮಕ್ಕಳಿಗಾಗಿ 1951ರಲ್ಲಿ ಆಲಿಸ್ ಸ್ಪ್ರಿಂಗ್ಸಿನಲ್ಲಿ ರೇಡಿಯೊ ಮೂಲಕ ‘ಸ್ಕೂಲ್ ಆಫ್ ದಿ ಏರ್’ ಶುರುವಾಯಿತು. ಈಗ ಉಪಗ್ರಹದ ಇಂಟರ್ನೆಟ್ಟಿನಲ್ಲಿ ಟೀಚರ್ ಮುಖ ಕಾಣುತ್ತದೆ. ಕಾಯಿಲೆಯಾದರೆ ವೈದ್ಯರು ವಿಮಾನದಲ್ಲೇ ಬರುತ್ತಾರೆ. 1928ರಿಂದ ಈ ಸೇವೆಯಿದೆ.

ಮಧ್ಯಾಹ್ನ ‘ಬೋರ್ ರನ್’. ಎಂದರೆ, ಜೀಪಿನಲ್ಲಿ ಹೋಗಿ ಬೋರ್‌ವೆಲ್, ಟ್ಯಾಂಕು, ದನ ಕುಡಿಯುವ ತೊಟ್ಟಿ ಎಲ್ಲವನ್ನೂ ನೋಡಿ ಬರುವುದು. ಕೆಲವು ಕಡೆ ಹೆಲಿಕಾಪ್ಟರಿನಲ್ಲಿ ದನ ಅಟ್ಟುತ್ತಾರೆಂದು ಕೇಳಿದ್ದ ನನಗೆ ಇದು ಸಪ್ಪೆ ಕೆಲಸ ಅನ್ನಿಸಿತ್ತು. ಫೆಬ್ರುವರಿಯ ಒಂದು ದಿನ ಹಾಗನ್ನಿಸಲಿಲ್ಲ.

ಫೆಬ್ರುವರಿ ಅಲ್ಲಿ ಕಡುಬೇಸಿಗೆ. ನಲವತ್ತು ಡಿಗ್ರಿ ದಾಟಿದ ಬಿಸಿಲು. ದೂರದಲ್ಲೇ ಹುಡುಗ, “ನಿಲ್ಲಿಸು, ಅಲ್ಲೇನೋ ಸರಿಯಿಲ್ಲ” ಎಂದ. ನೀರು ಕುಡಿದ ದನ ನೆರಳು ಹುಡುಕಿ ಮಲಗುತ್ತವಂತೆ. ಇವೋ, ತೊಟ್ಟಿಯ ಸುತ್ತ ಒತ್ತೊತ್ತಾಗಿ ನಿಂತು ಕೂಗುತ್ತಿದ್ದವು. ಹತ್ತಿರ ಹೋದರೆ ತೊಟ್ಟಿ ಬರಿದು. ತೇಲುವ ಚೆಂಡಿನ ವಾಲ್ವ್ ಮುರಿದಿತ್ತು; ನಮ್ಮ ಮನೆಯ ಓವರ್‌ಹೆಡ್ ಟ್ಯಾಂಕಿನಲ್ಲಿ ಇರುತ್ತದಲ್ಲ, ಅಂಥದ್ದೇ. ರಾತ್ರಿಯೆಲ್ಲ ನೀರು ಉಕ್ಕಿ ಹರಿದು ಟ್ಯಾಂಕೂ ಖಾಲಿ. ಬೇಸಿಗೆಯಲ್ಲಿ ಒಂದು ದನಕ್ಕೆ ದಿನಕ್ಕೆ ಐವತ್ತು ಲೀಟರಾದರೂ ಬೇಕು. ಅಲ್ಲಿದ್ದವು ಇನ್ನೂರಕ್ಕೂ ಹೆಚ್ಚು.

ರೇಡಿಯೊದಲ್ಲಿ ಅವನ ಅಪ್ಪನಿಗೆ ತಿಳಿಸಿದೆವು. ಅವರು ಹೊಸ ವಾಲ್ವ್ ತರುವಷ್ಟರಲ್ಲಿ ಹುಡುಗ ಹೇಳಿದಂತೆ ಡೀಸೆಲ್ ಪಂಪು ಹಚ್ಚಿದೆ. ನೀರು ಬಂದೊಡನೆ ದೊಡ್ಡ ದನಗಳು ನುಗ್ಗಿದವು. ಕರುಗಳಿಗೆ ಜಾಗವಿಲ್ಲ. ನಾವಿಬ್ಬರೂ ಬಕೆಟ್ಟಿನಲ್ಲಿ ಕರುಗಳಿಗೆ ಬೇರೆಯಾಗಿ ಕುಡಿಸಿದೆವು. ಕತ್ತಲಾಯಿತು. ಎರಡು ಕರು ಉಳಿಯಲಿಲ್ಲ. ಒಂದು ದಿನ ತಡವಾಗಿದ್ದರೆ ಎಷ್ಟು ಹೋಗುತ್ತಿದ್ದವೋ!

ಆ ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಾಗ ಮೊದಲ ಪ್ರಶ್ನೆ ಒಂದೇ: “ನೀರು ನೋಡಿದಿರಾ?” ಹತ್ತು ವರ್ಷದವನು “ನೋಡಿದೆ” ಎಂದರೆ ಸಾಕು, ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ. ನೋಡದೆ ‘ನೋಡಿದೆ’ ಎನ್ನುವುದು ಅವನಿಗೆ ಗೊತ್ತೇ ಇರಲಿಲ್ಲ. ಆ ಒಂದು ಮಾತನ್ನು ನಂಬಿ ಅಷ್ಟೊಂದು ಮೂಕಜೀವಗಳು ಬದುಕುತ್ತಿದ್ದವು.