ಹಳೇ ಫೋರ್ಕ್‌ಲಿಫ್ಟ್: ಯಾವ ಎಣ್ಣೆ ಎಲ್ಲಿಗೆ?

ಆಳಂದ ತಾಲ್ಲೂಕಿನ ಭೂಸನೂರ ಅಂದ್ರೆ ಕಬ್ಬು, ಸಕ್ಕರೆ ಕಾರ್ಖಾನೆ. ಸುತ್ತಲ ಊರುಗಳಲ್ಲಿ ತೊಗರಿ. ಚೀಲ ಎತ್ತಿ ಇಳಿಸೋ ಕೆಲಸಕ್ಕೇನೂ ಬರ ಇಲ್ಲ. ಇಂಥ ಕೆಲಸದಲ್ಲಿ ಹಳೇ ಡೀಸೆಲ್ ಫೋರ್ಕ್‌ಲಿಫ್ಟ್ ನಿಮ್ಮ ಕೈಗೆ ಬಂದ್ರೆ ಏನೇನು ನೋಡ್ಕೋಬೇಕು? ಇವತ್ತಿನ ಮಾತು ಅದೇ.

50 ಕೆ.ಜಿ.ಯ 40 ಚೀಲ ಅಂದ್ರೆ 2 ಟನ್. ಅಷ್ಟು ಭಾರವನ್ನು ಮೇಲೆ ಹಿಡಿದಿರೋದು ಹೈಡ್ರಾಲಿಕ್ ಎಣ್ಣೆ ಮತ್ತು ಚೈನು.

ಮೊದಲು ಎಂಜಿನ್ ಆಯಿಲ್. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಕಡ್ಡಿ ತೆಗೆದು ನೋಡ್ರಿ. ಎಣ್ಣೆ ಎರಡು ಗುರುತಿನ ನಡುವೆ ಇರಬೇಕು. ಬದಲಿಸೋದು ಕಿಲೋಮೀಟರ್ ನೋಡಿ ಅಲ್ಲ, ಗಂಟೆ ಮೀಟರ್ ನೋಡಿ. ಬಹಳಷ್ಟು ಗಾಡಿಗಳಿಗೆ 250 ಗಂಟೆ. ದಿನಕ್ಕೆ 8 ಗಂಟೆ ಓಡಿದ್ರೆ ಸುಮಾರು ಒಂದು ತಿಂಗಳು.

ಹೈಡ್ರಾಲಿಕ್ ಎಣ್ಣೆ ನೋಡುವಾಗ ಫೋರ್ಕ್ ಪೂರ್ತಿ ಕೆಳಗಿರಲಿ. ಮೇಲಿದ್ದರೆ ಎಣ್ಣೆ ಸಿಲಿಂಡರ್‌ನಲ್ಲಿರ್ತದೆ, ಟ್ಯಾಂಕಿನಲ್ಲಿ ಕಡಿಮೆ ಕಾಣ್ತದೆ. ಆಗ ಮೇಲೆ ಸುರಿದರೆ ಫೋರ್ಕ್ ಇಳಿಸಿದಾಗ ಉಕ್ಕಿ ಬರ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಅಂತ ಅರ್ಥ. ಪೈಪ್ ಸೋರುತ್ತಿದ್ದರೆ ಕೈಯಿಂದ ಮುಟ್ಟಿ ನೋಡಬ್ಯಾಡ್ರಿ. ಒತ್ತಡದ ಎಣ್ಣೆ ಚರ್ಮದೊಳಗೇ ನುಗ್ಗಬಹುದು. ರಟ್ಟು ಹಿಡಿದು ನೋಡ್ರಿ.

ಚೈನು ಬಳಸಿದಷ್ಟೂ ಉದ್ದ ಆಗ್ತದೆ. ಹೊಸದಿದ್ದಾಗ 30 ಸೆಂ.ಮೀ. ಇದ್ದ ಭಾಗ 30.9 ಆಯ್ತು ಅಂದ್ರೆ, ಅಂದ್ರೆ ಶೇ 3 ಹಿಗ್ಗಿದರೆ, ಬದಲಿಸಲೇಬೇಕು.

ನಮ್ಮ ಕಡೆ ಬ್ಯಾಸಿಗಿ ಬಿಸಿಲು 40 ಡಿಗ್ರಿ ದಾಟ್ತದೆ. ರೇಡಿಯೇಟರ್‌ಗೆ ಬರೀ ಬೋರ್ ನೀರು ಹಾಕಿದರೆ ಒಳಗೆ ತುಕ್ಕು, ಸುಣ್ಣ ಕಟ್ತದೆ. ಕೂಲಂಟ್ ಹಾಕ್ರಿ. ಎಂಜಿನ್ ಬಿಸಿ ಇದ್ದಾಗ ಮುಚ್ಚಳ ತೆಗೀಬ್ಯಾಡ್ರಿ.

ಕೊನೆಗೆ ಬ್ರೇಕ್ ಆಯಿಲ್. ಎಲ್ಲಕ್ಕಿಂತ ದೊಡ್ಡ ಅಪಾಯ ಇಲ್ಲೇ ಇದೆ. ಕೆಲವು ಗಾಡಿಗೆ ಡಾಟ್-3 ಬೇಕು, ಕೆಲವಕ್ಕೆ ಮಿನರಲ್ ಎಣ್ಣೆ. ಎರಡೂ ನೋಡಕ್ಕೆ ಎಣ್ಣೆನೇ, ಆದರೆ ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ರಬ್ಬರ್ ಸೀಲು ಕೆಡ್ತದೆ. ಮೊದಲ ದಿನ ಬ್ರೇಕ್ ಹಿಡೀತದೆ, ಆಮೇಲೊಂದು ದಿನ ಹಿಡಿಯಲ್ಲ. ಡಬ್ಬಿ ಮುಚ್ಚಳದ ಮೇಲೆ, ಇಲ್ಲಾಂದ್ರೆ ಮ್ಯಾನ್ಯುಯಲ್‌ನಲ್ಲಿ ಬರೆದಿರ್ತದೆ. ಗಾಡಿ ಹಳೇದಾಗಿ ಅಕ್ಷರ ಅಳಿಸಿದ್ದರೆ ಅಂದಾಜಿನ ಮೇಲೆ ಸುರೀಬ್ಯಾಡ್ರಿ. ಮಾಡೆಲ್ ಪ್ಲೇಟಿನ ಫೋಟೊ ತೆಗೆದು ಕಂಪನಿ ಡೀಲರ್‌ಗೆ ಕಳಿಸಿ ಕೇಳ್ರಿ. ಉತ್ತರ ಬರೋ ತನಕ ಗಾಡಿ ನಿಂತಿರಲಿ.