ಗುಜರಿ ಬಾಂಬರ್‌ಗಳು ಕಲಿಸಿದ ವಿದ್ಯೆ

ಸಾಂಗ್ಲಿ–ಮಿರಜ್ ನಡುವಿನ ವಿಶ್ರಾಮಬಾಗದಲ್ಲಿ ವಾಲಚಂದ್ ಎಂದರೆ ಎಂಜಿನಿಯರಿಂಗ್ ಕಾಲೇಜು. 1947ರಲ್ಲಿ ಧೋಂಡುಮಾಮಾ ಸಾಠೆ ಅವರು ಕಟ್ಟಿದ ನ್ಯೂ ಎಂಜಿನಿಯರಿಂಗ್ ಕಾಲೇಜಿಗೆ 1955ರಲ್ಲಿ ಉದ್ಯಮಿ ವಾಲಚಂದ್ ಹಿರಾಚಂದರ ಹೆಸರು ಬಂತು. ಸೊಲ್ಲಾಪುರದಲ್ಲಿ ಹುಟ್ಟಿದ ಈ ಸಾಹಸಿಯ ಕನಸೊಂದು ಬೆಂಗಳೂರಿನ ಪೂರ್ವದ ಬಯಲಿನಲ್ಲಿ ನನಸಾಗಿತ್ತು. ಇಂದು ಅದನ್ನು ಎಚ್‌ಎಎಲ್ ಎನ್ನುತ್ತೇವೆ. ಅಲ್ಲಿನ ಓಡುದಾರಿ ಎರಡನೇ ಮಹಾಯುದ್ಧದ ಕೂಸು.

1939ರಲ್ಲಿ ವಿಮಾನ ಪ್ರಯಾಣವೊಂದರಲ್ಲಿ ವಾಲಚಂದರಿಗೆ ಅಮೆರಿಕದ ವಿಲಿಯಂ ಪಾಲಿಯ ಪರಿಚಯವಾಯಿತು. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ಆಸಾಮಿ ಅವನು. ಅಂಥದ್ದು ಭಾರತದಲ್ಲೇಕೆ ಆಗಬಾರದು ಎಂಬ ಮಾತು ಮೈಸೂರಿನವರೆಗೆ ಬಂತು. ದಿವಾನ್ ಮಿರ್ಜಾ ಇಸ್ಮಾಯಿಲ್ ಜಮೀನನ್ನೂ ಬಂಡವಾಳವನ್ನೂ ಒದಗಿಸಿದರು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಮರುವರ್ಷ ಆಗಸ್ಟ್‌ನಲ್ಲಿ ಹಾರ್ಲೋ ತರಬೇತಿ ವಿಮಾನ, 1942ರ ಜುಲೈನಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನ ಇಲ್ಲಿ ಜೋಡಣೆಯಾಗಿ ಹಾರಿದವು.

ಅಷ್ಟರಲ್ಲಿ ಜಪಾನೀಯರು ಬರ್ಮಾ ದಾಟಿ ಬರುವ ಭೀತಿ ಹುಟ್ಟಿತ್ತು. ಹೊಸ ವಿಮಾನ ಕಟ್ಟುವುದಕ್ಕಿಂತ ಕೆಟ್ಟದ್ದನ್ನು ರಿಪೇರಿ ಮಾಡುವ ತುರ್ತು ಹೆಚ್ಚಾಯಿತು. 1942ರಲ್ಲಿ ಸರ್ಕಾರ ವಾಲಚಂದರ ಪಾಲನ್ನು ಕೊಂಡುಕೊಂಡಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಪಡೆಯ ಕೈಗೆ ಹೋಗಿ, 84ನೇ ಏರ್ ಡಿಪೊ ಆಯಿತು. ನೀರಿನ ಮೇಲೂ ಇಳಿಯಬಲ್ಲ ಕ್ಯಾಟಲಿನಾಗಳು ಬೆಳ್ಳಂದೂರು ಕೆರೆಗೆ ಬಂದಿಳಿದು ದುರಸ್ತಿಯಾಗುತ್ತಿದ್ದವು.

ಅಮೆರಿಕನ್ನರು ಹೋದ ಮೇಲೆ

1945ರಲ್ಲಿ ಯುದ್ಧ ಮುಗಿಯಿತು, ಅಮೆರಿಕನ್ನರು ಹೊರಟರು. ಕಲಿತ ಕೆಲಸಗಾರರಿದ್ದರು, ಕೈಗೆ ಕೆಲಸವಿರಲಿಲ್ಲ. ವಿಮಾನದ ಶೆಡ್ಡುಗಳಲ್ಲಿ ರೈಲು ಬೋಗಿ ಕಟ್ಟುವ ಕೆಲಸ ಶುರುವಾಯಿತು. ಆ ವಿಭಾಗವೇ 1960ರ ದಶಕದಲ್ಲಿ ಬಿಇಎಂಎಲ್‌ಗೆ ಸೇರಿತು.

ಇಲ್ಲಿನವರ ಕೈಚಳಕ ಬೆಳಕಿಗೆ ಬಂದದ್ದು ಮಾತ್ರ ಗುಜರಿಯಿಂದ. ಅಮೆರಿಕದಿಂದ ಎರವಲು ತಂದಿದ್ದ ಲಿಬರೇಟರ್ ಬಾಂಬರ್‌ಗಳನ್ನು ಬ್ರಿಟಿಷರು ಹೊರಡುವ ಮೊದಲು ಕಾನ್ಪುರದ ಚಕೇರಿಯಲ್ಲಿ ಕೆಡಿಸಿ ಬಿಟ್ಟಿದ್ದರು. ಮತ್ತೆ ಯಾರೂ ಹಾರಿಸಬಾರದೆಂಬುದೇ ಉದ್ದೇಶ. ಸ್ವತಂತ್ರ ಭಾರತಕ್ಕೆ ದೊಡ್ಡ ಬಾಂಬರ್ ಬೇಕಿತ್ತು, ಕೊಳ್ಳುವಷ್ಟು ಹಣವಿರಲಿಲ್ಲ. ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹಾರುವಷ್ಟು ಮಾತ್ರ ಸರಿಪಡಿಸಿದ ವಿಮಾನಗಳನ್ನು ಎಚ್‌ಎಎಲ್‌ನ ಪರೀಕ್ಷಾ ಪೈಲಟ್ ಜಮ್ಶೆಡ್ ಮುನ್ಷಿ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ಣ ದುರಸ್ತಿ ನಡೆಯಿತು. ಹೀಗೆ ಮರುಹುಟ್ಟು ಪಡೆದವು 42 ಎನ್ನುತ್ತಾರೆ. 1948ರ ನವೆಂಬರ್‌ನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಇವುಗಳಿಂದಲೇ ಆರಂಭವಾಯಿತು. ಕೊನೆಯವು ನಿವೃತ್ತಿಯಾದದ್ದು 1968ರಲ್ಲಿ. ಬ್ರಿಟನ್, ಕೆನಡಾ, ಅಮೆರಿಕದ ಮ್ಯೂಸಿಯಂಗಳು ಭಾರತದಿಂದಲೇ ಲಿಬರೇಟರ್‌ಗಳನ್ನು ಒಯ್ದು ಇಟ್ಟುಕೊಂಡಿವೆ.

ರಿಪೇರಿಯ ಬೆನ್ನಿಗೇ ನಿರ್ಮಾಣ ಬಂತು. ಜರ್ಮನಿಯ ಗಾಟಿಂಗನ್‌ನಲ್ಲಿ ವಾಯುಚಲನ ವಿಜ್ಞಾನಿ ಪ್ರಾಂಟಲ್ ಅವರ ಶಿಷ್ಯರಾಗಿದ್ದ ವಿ.ಎಂ. ಘಾಟಗೆ ವಿನ್ಯಾಸದ ಎಚ್‌ಟಿ–2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. 1961ರ ಜೂನ್ 17ರಂದು ಮಾರುತ್, 2001ರ ಜನವರಿ 4ರಂದು ತೇಜಸ್, ಎರಡೂ ಯುದ್ಧವಿಮಾನಗಳು ಮೊದಲು ನೆಲ ಬಿಟ್ಟದ್ದು ಇದೇ ಓಡುದಾರಿಯಿಂದ.

ಇದೇ ಓಡುದಾರಿ ಬಹುಕಾಲ ಬೆಂಗಳೂರಿನ ಪ್ರಯಾಣಿಕ ನಿಲ್ದಾಣವೂ ಆಗಿತ್ತು. 2008ರ ಮೇ 24ರಂದು ದೇವನಹಳ್ಳಿಯಲ್ಲಿ ಹೊಸ ನಿಲ್ದಾಣ ತೆರೆದಾಗ ಇಲ್ಲಿ ನಿತ್ಯದ ಪ್ರಯಾಣಿಕ ಸಂಚಾರ ನಿಂತಿತು. ಸೇನಾ ವಿಮಾನಗಳು, ಪರೀಕ್ಷಾ ಹಾರಾಟಗಳು ನಿಂತಿಲ್ಲ. ಹಳೆ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೆ ಹೋದರೆ ಮಾರುತ್, ಕ್ಯಾನ್‌ಬೆರಾ ವಿಮಾನಗಳನ್ನು ಹತ್ತಿರದಿಂದ ನೋಡಬಹುದು.

ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ರಸಗೋವಿಂದಪುರದಲ್ಲೂ ಯುದ್ಧಕಾಲದ ಭಾರೀ ಓಡುದಾರಿಯಿದೆ. ಸೈನ್ಯ ಹೋದ ಮೇಲೆ ಅದು ದಶಕಗಳ ಕಾಲ ಪಾಳುಬಿತ್ತು. ಬೆಂಗಳೂರಿನದು ಪಾಳುಬೀಳಲಿಲ್ಲ. ಸೈನ್ಯ ಎದ್ದುಹೋದಾಗ ಇಲ್ಲಿ ಕಾಂಕ್ರೀಟಿನ ಜೊತೆಗೆ ಕಸುಬು ಬಲ್ಲ ಜನರೂ ಉಳಿದಿದ್ದರು. ಸಿಕ್ಕ ಕೆಲಸವನ್ನು ಅವರು ಕೀಳೆಂದು ಬಿಡಲಿಲ್ಲ, ಅದು ರೈಲು ಬೋಗಿಯೇ ಇರಲಿ, ಮುರಿದ ಬಾಂಬರೇ ಇರಲಿ.