ಒಂದೇ ದಿನದಲ್ಲಿ ನಾಲ್ಕು ದ್ವೀಪ: ಬೋಟ್ ಸೀಟಿನ ಹಿಂದಿನ ಲೆಕ್ಕ

ಈ ವಾರದ ಎಪಿಸೋಡ್ ಕೇಳೋಕೆ ಆಗದವರಿಗೆ, ಮೆಟ್ರೋದಲ್ಲಿ ಇಯರ್‌ಫೋನ್ ಮರೆತವರಿಗೆ ಇದು ಬರಹದ ರೂಪ. ಮಾತಿನಲ್ಲಿ ಅಲ್ಲಲ್ಲಿ ತಡವರಿಸಿದ್ದನ್ನ ತೆಗೆದಿದ್ದೀನಿ, ಉಳಿದಿದ್ದು ಹಾಗೇ ಇದೆ.

ಜೆ.ಪಿ. ನಗರದ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಆಫೀಸ್ ಗ್ಯಾಂಗ್ ಥಾಯ್ಲೆಂಡ್‌ನ ಕ್ರಾಬಿಗೆ ಹೋಗಿ ಬಂದಿದೆ. ಬೆಳಗ್ಗೆ ಬೋಟ್ ಹತ್ತಿ, ಒಂದೊಂದೇ ದ್ವೀಪದಲ್ಲಿ ಇಳಿದು, ನಡುವೆ ನೀರಿಗೆ ಹಾರಿ ಈಜಿ, ಸಂಜೆ ವಾಪಸ್. ಇವರಿಗೆ ರಜೆ ಇರೋದು ಶನಿವಾರ-ಭಾನುವಾರ ಮಾತ್ರ. "ಅದೇ ಥರದ್ದು ನಮ್ಮ ಕಡೆ ಸಿಗುತ್ತಾ? ಸೇಫಾ?" ಅನ್ನೋದು ಪ್ರಶ್ನೆ.

ಮೊದಲ ಪ್ರಶ್ನೆಗೆ ಉತ್ತರ ಬೇಗ ಮುಗಿಯುತ್ತೆ: ಅರ್ಧಂಬರ್ಧ ಸಿಗುತ್ತೆ. ಕ್ರಾಬಿಯಲ್ಲಿ ಪೋಡಾ, ಚಿಕನ್, ಟುಪ್ ದ್ವೀಪಗಳು, ಆಮೇಲೆ ಫ್ರಾ ನಾಂಗ್ ತೀರ, ಎಲ್ಲಾ ಒಂದಕ್ಕೊಂದು ಹತ್ತಿರ. ಹಾಗಾಗಿ ಒಂದೇ ದಿನದಲ್ಲಿ ನಾಲ್ಕೂ ಮುಗಿಯುತ್ತೆ. ನಮ್ಮ ಕರಾವಳಿಯಲ್ಲಿ ದ್ವೀಪಗಳು ದೂರ ದೂರ. ಮಲ್ಪೆಯಿಂದ ಸುಮಾರು ಆರು ಕಿಲೋಮೀಟರ್ ಹೋದ್ರೆ ಸೇಂಟ್ ಮೇರೀಸ್, ಅಲ್ಲಿಯವರ ಬಾಯಲ್ಲಿ ತೋನ್ಸೆಪಾರ್. ಅದು ನಾಲ್ಕು ದ್ವೀಪಗಳ ಗುಂಪಾದ್ರೂ ನಾವು ಇಳಿಯೋದು ತೆಂಗಿನಮರಗಳಿರೋ ಒಂದರಲ್ಲಿ ಮಾತ್ರ. ಕಂಬಗಳನ್ನ ಜೋಡಿಸಿಟ್ಟ ಹಾಗೆ ಕಾಣೋ ಅಲ್ಲಿನ ಬಂಡೆಗಳು ಸುಮಾರು 8.8 ಕೋಟಿ ವರ್ಷ ಹಳೆಯವು, ಮಡಗಾಸ್ಕರ್ ಮತ್ತು ಭಾರತ ಬೇರೆಯಾದ ಕಾಲದವು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ. ಅಲ್ಲಿ ದ್ವೀಪ ಹತ್ತೋ ಮಾತಿಲ್ಲ, ಬೋಟ್ ಲಂಗರು ಹಾಕುತ್ತೆ, ನಾವು ನೀರಿಗಿಳೀತೀವಿ. ಹವಳ, ಮೀನು, ಸ್ನಾರ್ಕ್ಲಿಂಗ್, ಸ್ಕೂಬಾ ಎಲ್ಲಾ ಅಲ್ಲೇ. ಇನ್ನು ಕಾರವಾರ. ಕಾಳಿ ನದಿ ಕಡಲಿಗೆ ಸೇರೋ ಕಡೆ ದೇವಬಾಗ ತೀರ, ಆಚೆಗೆ ಕೂರ್ಮಗಡ. ಪಕ್ಕದ ಅಂಜದೀವ ನೌಕಾಪಡೆಯ ಕೈಯಲ್ಲಿದೆ, ಅದನ್ನ ಮರೆತುಬಿಡಿ.

ನಿಜವಾದ 'ದ್ವೀಪದಿಂದ ದ್ವೀಪಕ್ಕೆ' ಪ್ರವಾಸ ಬೇಕು ಅಂದ್ರೆ ಲಕ್ಷದ್ವೀಪವೇ. ಕೊಚ್ಚಿಯಿಂದ ಹಡಗಿನಲ್ಲಿ 'ಸಮುದ್ರಂ' ಅನ್ನೋ ಐದು ದಿನದ ಪ್ಯಾಕೇಜ್ ಇದೆ. ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ಈಜು, ಊಟ. ರಾತ್ರಿ ಹಡಗಿನಲ್ಲಿ ನಿದ್ದೆ. ಪರ್ಮಿಟ್ ಬೇಕು, ವೀಕೆಂಡ್‌ನಲ್ಲಿ ಆಗೋ ಕೆಲಸ ಅಲ್ಲ. (ಒಂದು ಅಡ್ಡ ಮಾತು: ಅಮಿನಿ, ಕಡಮತ್, ಕಿಲ್ತಾನ್ ಇರೋ ಅಮಿನ್‌ದಿವಿ ಗುಂಪು 1956ರ ನವೆಂಬರ್ 1ರವರೆಗೂ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಶಾಲೆಯಲ್ಲಿ ಇದನ್ನ ಯಾಕೆ ಹೇಳಿಕೊಡಲಿಲ್ಲವೋ.)

ಈಗ ಎರಡನೇ ಪ್ರಶ್ನೆ. ಸೇಫಾ? ನಾನು ಓದಿದ್ದು ಬಿ.ಕಾಂ., ಬೋಟಿನ ಎಂಜಿನ್ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ. ಆದರೆ ಸೀಟಿನ ಲೆಕ್ಕ ಗೊತ್ತು. ಬೋಟಿನ ಬಹಳಷ್ಟು ಅಪಾಯ ಅಲ್ಲೇ ಅಡಗಿದೆ ಅಂತ ನನಗನ್ನಿಸುತ್ತೆ.

ಲೆಕ್ಕಕ್ಕೆ ಅಂತ ಕೆಲವು ಅಂಕಿ ಇಟ್ಟುಕೊಳ್ಳೋಣ, ಇವು ಯಾವ ಬೋಟಿನವೂ ಅಲ್ಲ. ಒಂದು ಬೋಟ್ ಒಂದು ದಿನ ಹೊರಡೋಕೆ ಡೀಸೆಲ್, ಕೆಲಸದವರ ಸಂಬಳ, ಸಾಲದ ಕಂತು, ರಿಪೇರಿ ಎಲ್ಲಾ ಸೇರಿ 18,000 ರೂ. ಖರ್ಚು. ಇದು ಸ್ಥಿರ ವೆಚ್ಚ, ಐದು ಜನ ಬಂದ್ರೂ ಅಷ್ಟೇ, ಇಪ್ಪತ್ತು ಜನ ಬಂದ್ರೂ ಅಷ್ಟೇ. ಟಿಕೆಟ್ 1,500 ರೂ. ಊಟ, ಮಾಸ್ಕ್ ಅಂತ ತಲೆಗೆ 300 ರೂ. ಹೋಗುತ್ತೆ. ಅಂದ್ರೆ ಒಬ್ಬೊಬ್ಬರಿಂದ ಉಳಿಯೋದು 1,200 ರೂ. ಹದಿನೈದು ಜನ ಬಂದಾಗ ಹಾಕಿದ ದುಡ್ಡು ವಾಪಸ್. ಬೋಟಿನ ಅಧಿಕೃತ ಸಾಮರ್ಥ್ಯ ಇಪ್ಪತ್ತು ಅಂತಿಟ್ಟುಕೊಳ್ಳಿ. ಫುಲ್ ಆದ್ರೆ ಲಾಭ 6,000 ರೂ.

ಈಗ ದಡದಲ್ಲಿ ಇನ್ನೂ ಐದು ಜನ ನಿಂತಿದ್ದಾರೆ. "ಅಣ್ಣಾ, ನಾವು ಬೆಂಗಳೂರಿಂದ ಬಂದಿದ್ದೀವಿ, ಹೇಗಾದ್ರೂ ಅಡ್ಜಸ್ಟ್ ಮಾಡಿ." ಆ ಐವರಿಂದ ಬರೋದು ಇನ್ನೊಂದು 6,000. ಬರೀ ಐದು ಜನ ಹೆಚ್ಚಾದ್ರೆ ದಿನದ ಲಾಭ ಡಬಲ್. ಮುಂಗಾರಿನ ನಾಲ್ಕು ತಿಂಗಳು ಬೋಟ್ ದಡದಲ್ಲೇ ಇರುತ್ತೆ, ಕಂತು ಮಾತ್ರ ನಿಲ್ಲಲ್ಲ. ಹಾಗಿರುವಾಗ ಡಿಸೆಂಬರ್‌ನ ಒಂದು ಶನಿವಾರ ಆ ಐವರಿಗೆ 'ಇಲ್ಲ' ಅನ್ನೋದು ಎಷ್ಟು ಕಷ್ಟ ನೋಡಿ. ಮಾಲೀಕರು ಕೆಟ್ಟವರಾಗಿರಬೇಕು ಅಂತೇನಿಲ್ಲ, ಲೆಕ್ಕವೇ ಅವರನ್ನ ಆ ಕಡೆ ತಳ್ಳುತ್ತೆ. 'ಇಲ್ಲ' ಅಂದು ಹೊರಡೋ ಬೋಟಿನವರು ಎಷ್ಟೋ ಜನ ಇದ್ದಾರೆ. ನಾವು ಹುಡುಕಬೇಕಿರೋದು ಅಂಥವರನ್ನೇ.

ಇದು ಬರೀ ಪುಸ್ತಕದ ಲೆಕ್ಕ ಅಲ್ಲ. 2019ರ ಜನವರಿ 21, ಕೂರ್ಮಗಡದ ನರಸಿಂಹ ದೇವರ ಜಾತ್ರೆ. ಮುಗಿಸಿಕೊಂಡು ಕಾರವಾರಕ್ಕೆ ವಾಪಸ್ ಬರ್ತಿದ್ದ ಬೋಟ್ ಮಗುಚಿ 16 ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಬೋಟಿನಲ್ಲಿ ಮಿತಿಗಿಂತ ಹೆಚ್ಚು ಜನ ಇದ್ದರು ಅಂತ ಆಗ ವರದಿಯಾಗಿತ್ತು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ ಸತ್ತರು. ಅದು ಮೀನು ಹಿಡಿಯೋ ದೋಣಿಯನ್ನ ಪ್ರವಾಸಿ ಬೋಟಾಗಿ ಬದಲಾಯಿಸಿದ್ದು, ಅಲ್ಲೂ ಜನ ಹೆಚ್ಚಿದ್ದರು. ಜನ ಹೆಚ್ಚಾದ್ರೆ ಬೋಟ್ ಮುಳುಗೋದಕ್ಕಿಂತ ಮೊದಲು ಮಗುಚುತ್ತೆ ಅನ್ನೋದು ಗಮನಿಸಿ. ಮೇಲಿನ ಡೆಕ್ ತುಂಬಿದಾಗ ಭಾರ ಮೇಲಕ್ಕೆ ಹೋಗುತ್ತೆ. ಆಗ ಡಾಲ್ಫಿನ್ ಕಂಡಿತು ಅಂತ ಎಲ್ಲರೂ ಒಂದೇ ಬದಿಗೆ ಓಡಿದ್ರೆ ಸಾಕು. ಆದ್ದರಿಂದ ಹತ್ತೋ ಮೊದಲು ಬೋಟಿನ ಮೇಲೆ ಬರೆದಿರೋ ಸಂಖ್ಯೆ ನೋಡಿ, ತಲೆ ಎಣಿಸಿ. ಬರೆದೇ ಇಲ್ಲ ಅಂದ್ರೆ ಅದೇ ಉತ್ತರ.

ಇನ್ನೊಂದು ಲೆಕ್ಕ ನಮ್ಮ ಕಡೆಯದ್ದು. ಬನಶಂಕರಿಯಿಂದ ಶುಕ್ರವಾರ ರಾತ್ರಿ ಬಸ್ ಹತ್ತಿ, ಅಥವಾ ಸಂಜೆ ಹೊರಡೋ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿದು ಬೆಳಗ್ಗೆ ಕರಾವಳಿಗೆ ಇಳೀತೀವಿ. ಟಿಕೆಟ್, ರೂಮು, ಬೋಟ್ ಅಡ್ವಾನ್ಸ್ ಎಲ್ಲಾ ಕೊಟ್ಟಾಗಿದೆ. ಅಲ್ಲಿ ತಾಂಡೇಲರು ಕಡಲು ನೋಡಿ "ಇವತ್ತು ಬೇಡ" ಅಂತಾರೆ. ನಮ್ಮ ಗುಂಪು ಏನು ಮಾಡುತ್ತೆ? ಜಗಳ. "ಅಷ್ಟು ದೂರದಿಂದ ಬಂದಿದ್ದೀವಿ!" ಕಾಮರ್ಸ್ ಓದಿದವರಿಗೆ ಇದರ ಹೆಸರು ಗೊತ್ತು: ಸಂಕ್ ಕಾಸ್ಟ್. ಹೋದ ದುಡ್ಡು ಹೋಯ್ತು, ಬೋಟ್ ಹತ್ತಿದ್ರೂ ಅದು ವಾಪಸ್ ಬರಲ್ಲ. ಆದ್ರೂ ಅದೇ ನಮ್ಮನ್ನ ಬೋಟ್ ಹತ್ತಿಸುತ್ತೆ. ಬೋಟಿನವರಿಗೆ ಟ್ರಿಪ್ ರದ್ದಾದ್ರೆ ನಷ್ಟ, ನಮಗೂ ನಷ್ಟ. ಆ ಜಾಗದಲ್ಲಿ 'ಬೇಡ' ಅನ್ನೋಕೆ ಲಾಭ ಇರೋರು ಒಬ್ಬರೂ ಇಲ್ಲ.

ಇದಕ್ಕೆ ಪರಿಹಾರ ಇರೋದು ಬೆಂಗಳೂರಲ್ಲೇ, ಬುಕ್ ಮಾಡುವಾಗ. ಬೋಟ್ ಶನಿವಾರ ಬೆಳಗ್ಗೆಗೆ ಹಾಕಿ, ಭಾನುವಾರ ಬೆಳಗ್ಗೆ ಖಾಲಿ ಬಿಡಿ. ಹವಾಮಾನದಿಂದ ರದ್ದಾದ್ರೆ ಹಣ ವಾಪಸ್ಸೋ, ಮರುದಿನ ಕರ್ಕೊಂಡು ಹೋಗ್ತೀರೋ ಅಂತ ವಾಟ್ಸಾಪ್‌ನಲ್ಲಿ ಕೇಳಿ, ಉತ್ತರ ಉಳಿಸಿಕೊಳ್ಳಿ. ಬರಹದಲ್ಲಿ ಒಪ್ಪದವರಿಗೆ ಅಡ್ವಾನ್ಸ್ ಕಳಿಸಬೇಡಿ. ಭಾನುವಾರ ಕೈಯಲ್ಲಿದ್ರೆ ಶನಿವಾರದ 'ಬೇಡ' ನಮಗೆ ದುಬಾರಿ ಅನ್ನಿಸಲ್ಲ.

ಬೆಳಗ್ಗೆಗೆ ಯಾಕೆ ಅಂದ್ರೆ, ಹಗಲು ನೆಲ ಕಡಲಿಗಿಂತ ಬೇಗ ಕಾಯುತ್ತೆ, ನೆಲದ ಮೇಲಿನ ಬಿಸಿ ಗಾಳಿ ಮೇಲೇರುತ್ತೆ, ಆ ಜಾಗಕ್ಕೆ ಕಡಲ ಕಡೆಯಿಂದ ಗಾಳಿ ನುಗ್ಗುತ್ತೆ. ಮಧ್ಯಾಹ್ನದ ಹೊತ್ತಿಗೆ ಅದು ಜೋರಾಗಿ ಅಲೆ ಎಬ್ಬಿಸುತ್ತೆ. ಬೆಳಗ್ಗೆ ಎಂಟಕ್ಕೆ ಕೆರೆಯ ಹಾಗಿದ್ದ ನೀರು ಮೂರು ಗಂಟೆಗೆ ಬೇರೆಯೇ ಆಗಿರುತ್ತೆ. ನೀರಿನೊಳಗೆ ಚೆನ್ನಾಗಿ ಕಾಣೋದು ಹೆಚ್ಚಾಗಿ ನವೆಂಬರ್‌ನಿಂದ ಫೆಬ್ರವರಿವರೆಗೆ.

ಈಗ ಈಜಿನ ವಿಷಯ. ನಮ್ಮಲ್ಲಿ ಹೆಚ್ಚಿನವರು ಈಜು ಕಲಿತಿದ್ದು ಬೇಸಿಗೆ ರಜೆಯಲ್ಲಿ, ಜಯನಗರದ್ದೋ ಬನಶಂಕರಿಯದ್ದೋ ಒಂದು ಪೂಲ್‌ನಲ್ಲಿ. ಇಪ್ಪತ್ತೈದು ಮೀಟರ್ ಹೋದ್ರೆ ಗೋಡೆ ಸಿಗುತ್ತೆ, ಹಿಡ್ಕೊಂಡು ಉಸಿರಾಡಬಹುದು. ಕೆಳಗೆ ನೀಲಿ ಟೈಲ್ಸ್ ಕಾಣುತ್ತೆ. ಕಡಲಲ್ಲಿ ಗೋಡೆ ಇಲ್ಲ. ಇಲ್ಲಿ ಒಂದು ಅಂಕಿ ನೆನಪಿಟ್ಟುಕೊಳ್ಳಿ. ಹರಿವಿನ ವೇಗ ಒಂದು ನಾಟ್ ಇದ್ರೆ, ಅಂದ್ರೆ ಗಂಟೆಗೆ 1.85 ಕಿಲೋಮೀಟರ್, ಅದು ನಿಮಿಷಕ್ಕೆ ಸುಮಾರು 31 ಮೀಟರ್ ದೂರ ನಿಮ್ಮನ್ನ ಒಯ್ಯುತ್ತೆ. ಪೂಲ್‌ನಲ್ಲಿ 25 ಮೀಟರನ್ನ 48 ಸೆಕೆಂಡಿನಲ್ಲಿ ಈಜೋರ ವೇಗವೂ ಅಷ್ಟೇ. ಅವರು ಆ ಹರಿವಿಗೆ ಎದುರಾಗಿ ಎಷ್ಟು ಕೈ ಬಡಿದ್ರೂ ಇದ್ದಲ್ಲೇ ಇರ್ತಾರೆ. ಸುಸ್ತಾದ ಕೂಡಲೇ ಹಿಂದಕ್ಕೆ.

ಹಾಗಾಗಿ ನೀರಿಗಿಳಿದ ತಕ್ಷಣ ಬೋಟಿನ ಮೂತಿ ಇರೋ ಕಡೆಗೆ ಈಜಿ. ಲಂಗರು ಹಾಕಿದ ಬೋಟ್ ಸಾಮಾನ್ಯವಾಗಿ ಹರಿವಿಗೆ ಅಥವಾ ಗಾಳಿಗೆ ಮುಖ ಮಾಡಿ ನಿಲ್ಲುತ್ತೆ. ಮೊದಲು ಎದುರು ಹೋದ್ರೆ ಸುಸ್ತಾದಾಗ ನೀರೇ ನಿಮ್ಮನ್ನ ಬೋಟಿಗೆ ತಂದುಬಿಡುತ್ತೆ. ಉಲ್ಟಾ ಮಾಡಿದ್ರೆ ಚೈತನ್ಯ ಇರುವಾಗ ಆರಾಮಾಗಿ ದೂರ ಹೋಗಿ, ಸೋತಾಗ ಎದುರು ಈಜಬೇಕಾಗುತ್ತೆ. ಒಳ್ಳೆ ಬೋಟಿನವರು ಹಿಂಬದಿಯಿಂದ ತೇಲುಬುರುಡೆ ಕಟ್ಟಿದ ಉದ್ದ ಹಗ್ಗ ಬಿಟ್ಟಿರ್ತಾರೆ, ಕೊನೆಗೆ ಹಿಡ್ಕೊಳ್ಳೋಕೆ. ಹಗ್ಗ ಇಲ್ಲ ಅಂದ್ರೆ ಕೇಳಿ, ನಾಚಿಕೆ ಬೇಡ. ಎಂಜಿನ್ ಪೂರ್ತಿ ಆಫ್ ಆಗೋವರೆಗೆ ಯಾರೂ ಹಾರಬಾರದು, ಎಲ್ಲರೂ ಹತ್ತೋವರೆಗೆ ಸ್ಟಾರ್ಟ್ ಆಗಬಾರದು. ಫ್ಯಾನ್ ಇರೋದು ನೀರೊಳಗೆ, ನಮಗೆ ಕಾಣಲ್ಲ. ತಲೆ ಎಣಿಕೆ ಇಳಿಯುವಾಗ ಒಮ್ಮೆ, ಹತ್ತಿದ ಮೇಲೆ ಒಮ್ಮೆ. ಬೋಟಿನವರು ಎಣಿಸ್ತಾರೆ ಅಂತ ನಿಮ್ಮ ಗುಂಪು ಎಣಿಸದೇ ಇರಬೇಡಿ.

ಲೈಫ್ ಜಾಕೆಟ್ ಹಾಕಿದ ಮೇಲೆ ಫ್ರೆಂಡ್‌ಗೆ ಹೇಳಿ, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಸಿ. ಗಲ್ಲದ ಮೇಲೆ ಬಂತು ಅಂದ್ರೆ ನೀರಲ್ಲೂ ಹಾಗೇ ಬರುತ್ತೆ, ಬೆಲ್ಟ್ ಬಿಗಿ ಮಾಡಿ ಅಥವಾ ಬೇರೆ ಸೈಜ್ ಕೇಳಿ. ಬಕಲ್ ಮುರಿದಿರೋದನ್ನ ವಾಪಸ್ ಕೊಡಿ. ರೀಲ್‌ಗೋಸ್ಕರ ಬಿಚ್ಚೋರು ಪ್ರತಿ ಗುಂಪಲ್ಲೂ ಒಬ್ಬರು ಇರ್ತಾರೆ, ಅವರ ಜೊತೆ ಮೊದಲೇ ಮಾತಾಡಿ.

ಸೇಂಟ್ ಮೇರೀಸ್‌ನಲ್ಲಿ ಕಥೆ ಬೇರೆ. ಅಲ್ಲಿ ಅಪಾಯ ಬೋಟಿಗಿಂತ ಬಂಡೆಗಳ ಅಂಚಿನಲ್ಲಿದೆ. ಪಾಚಿ ಹಿಡಿದು ಜಾರುತ್ತೆ, ಪಕ್ಕದಲ್ಲೇ ಆಳ. 2022ರ ಏಪ್ರಿಲ್‌ನಲ್ಲಿ ಕೊಟ್ಟಾಯಂನಿಂದ ಟೂರ್ ಬಂದಿದ್ದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಲ್ಲೇ ನೀರುಪಾಲಾದರು. ಲೈಫ್‌ಗಾರ್ಡ್ ಸೀಟಿ ಊದಿದ್ರೆ ವಾದ ಮಾಡಬೇಡಿ. ಅವರು ದಿನಾ ಆ ನೀರು ನೋಡೋರು, ನಾವು ಎರಡು ಗಂಟೆ ನೋಡೋರು.

ಶಿರಾಡಿ ಘಾಟ್‌ಗೆ ಅಂತ ಅವೋಮಿನ್ ನುಂಗೋ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಬೋಟಿಗೂ ಅದನ್ನೇ ನುಂಗ್ತಾರೆ. ಆ ಮಾತ್ರೆ ನಿದ್ದೆ ಬರಿಸುತ್ತೆ. ಮಂಪರಲ್ಲಿ ಕಡಲಿಗೆ ಹಾರೋದು ಒಳ್ಳೇದಲ್ಲ, ಹಾಗಾಗಿ ಈಜೋ ಪ್ಲ್ಯಾನ್ ಇದ್ರೆ ಏನು ತಗೋಬೇಕು ಅಂತ ಡಾಕ್ಟರ್ ಹತ್ರ ಮೊದಲೇ ಕೇಳಿ. ಬಿಯರ್ ಬಗ್ಗೆ ನಾನು ಹೇಳೋದೇ ಬೇಡ.

ಕೊನೆಗೆ ನೇತ್ರಾಣಿಯಲ್ಲಿ ಸ್ಕೂಬಾ ಮಾಡೋರಿಗೆ ಒಂದು ವಿಷಯ, ಬೆಂಗಳೂರಿನವರಿಗೆ ವಿಶೇಷವಾಗಿ. ಡೈವ್ ಮಾಡಿದ ಮೇಲೆ ಕೆಲವು ಗಂಟೆ ವಿಮಾನ ಹತ್ತಬಾರದು ಅಂತ ಕೇಳಿರ್ತೀರ. ಆಳದಲ್ಲಿ ಒತ್ತಡಕ್ಕೆ ಹೆಚ್ಚಿನ ನೈಟ್ರೋಜನ್ ಮೈಯಲ್ಲಿ ಕರಗಿರುತ್ತೆ. ಬೇಗ ಎತ್ತರಕ್ಕೆ ಹೋದ್ರೆ ಅದು ಗುಳ್ಳೆಯಾಗಿ ಕೀಲು, ನರಗಳಿಗೆ ತೊಂದರೆ ಕೊಡಬಹುದು. ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆ ಒಂದೇ ಡೈವ್ ಆದ್ರೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಮಾಡಿದ್ರೆ 18 ಗಂಟೆ ಕಾಯಬೇಕು ಅನ್ನೋದು. ಇದು 2,000 ಅಡಿ ದಾಟೋ ಎತ್ತರಕ್ಕೂ ಅನ್ವಯ. ನಮ್ಮ ಬೆಂಗಳೂರು ಇರೋದು ಸುಮಾರು 3,000 ಅಡಿ ಎತ್ತರದಲ್ಲಿ. ಹನ್ನೊಂದಕ್ಕೆ ನೀರಿಂದ ಎದ್ದು, ಊಟ ಮಾಡಿ, ಎರಡು ಗಂಟೆಗೆ ಕಾರ್ ಹತ್ತಿದ್ರೆ ಸಂಜೆಯೊಳಗೆ ಘಾಟ್ ಮೇಲಿರ್ತೀರ. ಅದಕ್ಕೇ ಡೈವ್ ಶನಿವಾರ ಮುಗಿಸಿ, ರಾತ್ರಿ ಮುರುಡೇಶ್ವರದಲ್ಲೇ ಮಲಗಿ, ಭಾನುವಾರ ಹೊರಡಿ. ಶನಿವಾರ ಕಡಲು ಸರಿಯಿಲ್ಲದೆ ಡೈವ್ ಭಾನುವಾರಕ್ಕೆ ಹೋದ್ರೆ ಸೋಮವಾರ ಒಂದು ರಜೆ ಹಾಕಬೇಕಾಗುತ್ತೆ, ಮ್ಯಾನೇಜರ್‌ಗೆ ಮೊದಲೇ ಹೇಳಿಟ್ಟಿರಿ. ಬರೀ ಸ್ನಾರ್ಕ್ಲಿಂಗ್ ಮಾಡಿದೋರಿಗೆ ಈ ಕಾಯೋ ಲೆಕ್ಕ ಇಲ್ಲ, ಭಾನುವಾರ ಮಧ್ಯಾಹ್ನವೇ ಹೊರಡಬಹುದು.